ಎರಡನೇ ಕ್ಲಾಸಿನ ಮಗು ನಾಲ್ಕನೇ ಕ್ಲಾಸಿನ ಲೆಕ್ಕ ಮಾಡುತ್ತಿದ್ದರೆ: ಶಾಲೆಯನ್ನು ಏನು ಕೇಳಬೇಕು, ಹೇಗೆ ಕೇಳಬೇಕು

ಮೈಸೂರಿನ ಕಾನ್ವೆಂಟಾಗಲಿ, ಮಂಡ್ಯ ಕಡೆಯ ಹಳ್ಳಿ ಶಾಲೆಯಾಗಲಿ, ಈ ದೂರು ಹೆಚ್ಚುಕಡಿಮೆ ಒಂದೇ. ಮಗು ಆಗಲೇ ಪೇಪರ್ ಓದುತ್ತದೆ, ಕ್ಲಾಸಿನಲ್ಲಿ ಇನ್ನೂ 'ರಗಸದಅ' ತಿದ್ದಿಸುತ್ತಿದ್ದಾರೆ. ಮಿಸ್‌ಗೆ ಹೇಳಿದರೆ "ಮನೇಲಿ ಮುಂಚೇನೇ ಹೇಳ್ಕೊಡ್ಬೇಡಿ, ಇಲ್ಲಿ ಕೂತ್ಕೊಳಲ್ಲ ಅವ್ನು" ಎನ್ನುತ್ತಾರೆ. ಅಪ್ಪ ಅಮ್ಮನ ಸಿಟ್ಟು ನ್ಯಾಯವಾದದ್ದೇ. ಆದರೂ ಬಹಳಷ್ಟು ಮಾತುಕತೆ ಕೆಡುವುದು, ಶಾಲೆಯ ಕೈಯಲ್ಲಿ ಇಲ್ಲದ್ದನ್ನೇ ಮೊದಲು ಕೇಳುವುದರಿಂದ: "ಇವನನ್ನ ಮುಂದಿನ ಕ್ಲಾಸಿಗೆ ಹಾಕಿ." ಶಾಲೆ ಕೊಡಬಹುದಾದದ್ದು ಬೇರೆ ಇದೆ. ಮಗುವಿಗೆ ಬಂದಿರುವ ಪಾಠದ ಅಭ್ಯಾಸ ಬಿಟ್ಟು, ಅದೇ ಹೊತ್ತಿನಲ್ಲಿ ಬೇರೆ ಕೆಲಸ. ಕೇಳಬೇಕಾದದ್ದು ಅದನ್ನು.

ಮೊದಲು ಮನೆಯಲ್ಲಿ ಅಳೆಯಿರಿ

"ತುಂಬಾ ಬ್ರಿಲಿಯಂಟ್ ಮೇಡಂ" ಎಂದರೆ ಟೀಚರಿಗೆ ಏನೂ ಗೊತ್ತಾಗುವುದಿಲ್ಲ. ಆ ಮಾತನ್ನು ಅವರು ದಿನಾ ಕೇಳುತ್ತಾರೆ. ಎರಡು ವಾರ ತೆಗೆದುಕೊಂಡು ಪುರಾವೆ ಮಾಡಿಕೊಳ್ಳಿ. ರಾಜ್ಯದ ಪಠ್ಯಪುಸ್ತಕಗಳ ಪಿಡಿಎಫ್ ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಈ ವರ್ಷದ ಗಣಿತ ಪುಸ್ತಕದಲ್ಲಿ ಇನ್ನೂ ಪಾಠ ಆಗದ ಒಂದು ಅಧ್ಯಾಯ ಆರಿಸಿ, ಅದರ ಅಭ್ಯಾಸದಿಂದ ಹತ್ತು ಲೆಕ್ಕ ಬರೆದುಕೊಡಿ. ಪಕ್ಕದಲ್ಲಿ ಕೂತು ಸುಳಿವು ಕೊಡಬೇಡಿ. ಹತ್ತರಲ್ಲಿ ಒಂಬತ್ತು ಸರಿ ಬಂದರೆ ಆ ಅಧ್ಯಾಯ ಬಂದಿದೆ ಎಂದು ಲೆಕ್ಕ. ಆರೋ ಏಳೋ ಬಂದರೆ ಮಗು ಜಾಣ, ಆದರೆ ಆ ಪಾಠ ಬೇಕು. ಹೀಗೆ ಮೂರು ನಾಲ್ಕು ಅಧ್ಯಾಯ ಮಾಡಿಸಿ, ತಾರೀಖು ಹಾಕಿ, ತಪ್ಪುಗಳನ್ನೂ ಅಳಿಸದೆ ಹಾಳೆ ಎತ್ತಿಡಿ. ತಪ್ಪೇ ಇಲ್ಲದ ಹಾಳೆ ಅಪ್ಪನ ಕೈಬರಹದಂತೆ ಕಾಣುತ್ತದೆ.

ಉತ್ತರ ಸರಿ ಇದ್ದರೆ ಸಾಲದು. ಅಬ್ಯಾಕಸ್ ಕ್ಲಾಸಿಗೆ ಹೋಗುವ ಮಗು 52ರಲ್ಲಿ 27 ಕಳೆದು ಚಿಟಿಕೆಯಲ್ಲಿ 25 ಎನ್ನಬಹುದು. "ಐದರಿಂದ ದಶಕ ತಗೊಂಡ್ಯಲ್ಲ, ಎಷ್ಟು ತಗೊಂಡೆ?" ಎಂದು ಕೇಳಿ. "ಒಂದು" ಎಂದರೆ ಅದು ಕೈಚಳಕ. "ಹತ್ತು" ಎಂದು ಹತ್ತು ಬೆಂಕಿಕಡ್ಡಿ ಎಣಿಸಿ ತೋರಿಸಿದರೆ ಅರ್ಥವಾಗಿದೆ. ಓದಿನಲ್ಲೂ ಹಾಗೆಯೇ. ಗೊತ್ತಿಲ್ಲದ ಕಥೆ ಕೊಟ್ಟು, ಪುಸ್ತಕ ಮುಚ್ಚಿಸಿ, "ಅವಳು ಯಾಕೆ ಹಾಗೆ ಮಾಡಿದಳು?" ಎಂದು ಕೇಳಿ. ಗಳಗಳ ಓದುತ್ತದೆ, ಒತ್ತಕ್ಷರವೂ ತಪ್ಪುವುದಿಲ್ಲ, ಆದರೆ ಈ ಪ್ರಶ್ನೆಗೆ ಪದೇ ಪದೇ ತಬ್ಬಿಬ್ಬಾಗುತ್ತದೆ, ಜತೆಗೆ ಮಾತುಕತೆಯೂ ಕಡಿಮೆ ಎಂದಾದರೆ ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ತೋರಿಸುವುದು ಒಳ್ಳೆಯದು. ತೀರಾ ಬೇಗ ಓದು ಬಂದದ್ದು ಕೆಲವೊಮ್ಮೆ ಭಾಷೆಯ ತೊಂದರೆಯನ್ನು ಮುಚ್ಚಿಬಿಡುತ್ತದೆ.

ಬರವಣಿಗೆಯನ್ನು ಬೇರೆಯಾಗಿ ನೋಡಿ. ಆರು ವರ್ಷದ ಮಗುವಿನ ತಲೆ ಒಂಬತ್ತು ವರ್ಷದ್ದಾಗಿರಬಹುದು, ಬೆರಳು ಆರು ವರ್ಷದ್ದೇ. ಟೀಚರ್ ಕಣ್ಣಿಗೆ ಬೀಳುವುದು ಬೆರಳಿನ ಕೆಲಸ ಮಾತ್ರ. ಅದಕ್ಕೇ "ನೋಟ್ಸ್ ಕಂಪ್ಲೀಟ್ ಮಾಡಲ್ಲ" ಎಂಬ ದೂರು.

ಕ್ಲಾಸ್ ಹಾರಿಸುವುದು ಏಕೆ ಕಷ್ಟ

ಕರ್ನಾಟಕದಲ್ಲಿ ಒಂದನೇ ತರಗತಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಎಂಬ ನಿಯಮ ಬಂದಿದೆ. 2025-26ರ ಸಾಲಿಗೆ ಅದನ್ನು 5 ವರ್ಷ 5 ತಿಂಗಳಿಗೆ ಸಡಿಲಿಸಿದರು. ಮಗುವಿನ ವಯಸ್ಸು, ತರಗತಿ ಎಲ್ಲಾ ಶಿಕ್ಷಣ ಇಲಾಖೆಯ ವಿದ್ಯಾರ್ಥಿ ದಾಖಲೆ ವ್ಯವಸ್ಥೆಯಾದ ಸ್ಯಾಟ್ಸ್‌ನಲ್ಲಿ ದಾಖಲಾಗಿರುತ್ತದೆ, ಹೆಡ್‌ಮಾಸ್ಟರಿಗೆ ಮನಸ್ಸಿದ್ದರೂ ಸುಮ್ಮನೆ ಮುಂದಕ್ಕೆ ಕೂರಿಸಲಾಗದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ತೋರಿಸಿ ವಾದಿಸುವವರಿದ್ದಾರೆ. ಅದು ಶಾಲೆಗೇ ಸೇರದ, ಇಲ್ಲವೇ ನಡುವೆ ಬಿಟ್ಟ ಮಕ್ಕಳನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸುವುದಕ್ಕೆ ಇರುವುದು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ವಿಶೇಷ ಪ್ರತಿಭೆಯ ಮಕ್ಕಳ ಬಗ್ಗೆ ಮಾತಾಡುತ್ತದೆ, ಆದರೆ ನೀತಿ ಕಾಯ್ದೆಯಲ್ಲ. ಅದನ್ನು ಹಿಡಿದುಕೊಂಡು ಹೋದರೆ ಟೀಚರ್ ಮುಖ ಬಿಗಿಯುವುದಷ್ಟೇ ಲಾಭ.

ಮುಂದಿನದನ್ನೂ ಎಣಿಸಿ. ನೀಟ್‌ಗೆ ಸೇರ್ಪಡೆ ವರ್ಷದ ಡಿಸೆಂಬರ್ 31ಕ್ಕೆ 17 ತುಂಬಿರಬೇಕು. 6 ತುಂಬಿ ಒಂದನೇ ಕ್ಲಾಸು ಸೇರಿದ ಮಗು ಒಂದು ವರ್ಷ ಹಾರಿದರೂ ತೊಂದರೆಯಿಲ್ಲ. ಐದೂವರೆಗೂ ಮೊದಲೇ ಸೇರಿದ, ಜನವರಿಯಲ್ಲಿ ಹುಟ್ಟಿದ ಮಗು ಒಂದು ವರ್ಷ ಹಾರಿದರೆ ಪಿಯುಸಿ ಮುಗಿಸಿ ಒಂದು ವರ್ಷ ಕಾಯಬೇಕಾಗುತ್ತದೆ.

ಯಾರನ್ನು, ಯಾವಾಗ

ಮೊದಲು ಕ್ಲಾಸ್ ಟೀಚರ್. ಅವರನ್ನು ದಾಟಿ ನೇರ ಎಚ್ಎಂ ರೂಮಿಗೆ ಹೋದರೆ ವರ್ಷವಿಡೀ ಅದರ ಬಿಸಿ ತಟ್ಟುವುದು ಮಗುವಿಗೆ. ಶಾಲೆ ತೆರೆದ ಮೊದಲ ವಾರ ಬೇಡ. ಎರಡನೇ ತರಗತಿಯಿಂದ ಮೇಲೆ, ಹಿಂದಿನ ತರಗತಿಯ ಕಲಿಕೆ ಅಳೆಯುವ ಸೇತುಬಂಧದ ಪೂರ್ವ ಪರೀಕ್ಷೆ ಮುಗಿಯಲಿ. ಅದರ ಫಲಿತಾಂಶ ಟೀಚರ್ ಕೈಯಲ್ಲೇ ಇರುತ್ತದೆ, ನಿಮ್ಮ ಮಾತಿಗಿಂತ ಅದಕ್ಕೆ ತೂಕ ಹೆಚ್ಚು. ಪೇರೆಂಟ್ಸ್ ಮೀಟಿಂಗ್ ದಿನವೂ ಬೇಡ, ಹಿಂದೆ ಇಪ್ಪತ್ತು ಜನ ನಿಂತಿರುತ್ತಾರೆ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಕಾಲು ಗಂಟೆ ಕೇಳಿ. ಮಗುವನ್ನು ಕರೆದೊಯ್ಯಬೇಡಿ. ಬೋರ್ ಎಂಬ ಮಾತನ್ನೂ ಒಯ್ಯಬೇಡಿ, ಟೀಚರಿಗೆ ಅದು ತಮ್ಮ ಪಾಠದ ಮೇಲಿನ ದೂರಾಗಿ ಕೇಳಿಸುತ್ತದೆ.

ಮಾತಾಡಿ ಬಂದ ಮೇಲೆ ಇಂಥದೊಂದು ಚೀಟಿ ಕೊಡಿ:

"ಮಾನ್ಯ ಶಿಕ್ಷಕರಿಗೆ, ನಮ್ಮ ಮಗಳು 2ನೇ ತರಗತಿ ಗಣಿತದ ಮೊದಲ ಮೂರು ಅಧ್ಯಾಯಗಳ ಲೆಕ್ಕಗಳನ್ನು ತಾನೇ ಮಾಡಿರುವ ಹಾಳೆಗಳು ಇದರ ಜತೆ ಇವೆ. ದಯವಿಟ್ಟು ನೀವೇ ಒಮ್ಮೆ ಪರೀಕ್ಷಿಸಿ. ಸರಿ ಕಂಡರೆ, ಆ ಅಧ್ಯಾಯಗಳ ಅಭ್ಯಾಸದ ಸಮಯದಲ್ಲಿ ನಾವು ಕಳಿಸುವ ಹಾಳೆಗಳನ್ನು ಆರು ವಾರದ ಮಟ್ಟಿಗೆ ಮಾಡಲು ಅವಕಾಶ ಕೊಡಬೇಕಾಗಿ ವಿನಂತಿ. ಹೊಸ ಪಾಠ, ಚಟುವಟಿಕೆ, ಎಫ್ಎ (ರೂಪಣಾತ್ಮಕ) ಪರೀಕ್ಷೆ ಎಲ್ಲದಕ್ಕೂ ತರಗತಿಯ ಜತೆಗೇ ಇರುತ್ತಾಳೆ. ಹಾಳೆ ತಿದ್ದುವ ಜವಾಬ್ದಾರಿ ನಮ್ಮದು."

ಕೊನೆಯ ವಾಕ್ಯ ಬಿಡಬೇಡಿ. ನಲವತ್ತು ಮಕ್ಕಳ ಪುಸ್ತಕ ತಿದ್ದುವವರಿಗೆ ಇನ್ನೊಂದು ಕಟ್ಟು ಬೇಡ. ಆರು ವಾರ ಎನ್ನುವುದೂ ಬೇಕೆಂದೇ ಹಾಕಿದ್ದು. ಗಡುವು ಇರುವ ಪ್ರಯೋಗಕ್ಕೆ ಒಪ್ಪುವುದು ಸುಲಭ.

ಹಾಳೆಯಲ್ಲಿ ಮುಂದಿನ ಕ್ಲಾಸಿನ ಪಾಠವನ್ನೇ ತುಂಬಿದರೆ ಬರುವ ವರ್ಷ ಇದೇ ತಲೆನೋವು ದುಪ್ಪಟ್ಟು. ಅಗಲಕ್ಕೆ ಹೋಗಿ. ದಿನಕ್ಕೆ ಒಂದು ಹಾಳೆ, ಮೂರೇ ಪ್ರಶ್ನೆ, ಕೊನೆಯದು ಕೂಡಲೇ ಬಿಡಿಸಲಾಗದ್ದು: "3, 5, 8 ಒಂದೊಂದು ಸಲ ಬಳಸಿ ಎಷ್ಟು ಮೂರಂಕಿ ಸಂಖ್ಯೆ ಮಾಡಬಹುದು? ಎಲ್ಲಾ ಬಂತೆಂದು ಹೇಗೆ ಗೊತ್ತು?" ಉತ್ತರ ಆರು, ಎರಡನೇ ಪ್ರಶ್ನೆಯಲ್ಲೇ ಇರುವುದು ನಿಜವಾದ ಕೆಲಸ. ಭಾಷೆಗೆ ಕಥೆ ಪುಸ್ತಕ ಸಾಕು. ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ ಕಥೆಗಳು ಹಂತಹಂತವಾಗಿ ಪುಕ್ಕಟೆ ಸಿಗುತ್ತವೆ, ಹಳ್ಳಿಯಲ್ಲಾದರೆ ಗ್ರಾಮ ಪಂಚಾಯಿತಿ ಗ್ರಂಥಾಲಯ.

ಸರ್ಕಾರಿ ಶಾಲೆಯವರಿಗೆ ಒಂದು ಅನುಕೂಲವಿದೆ, ಕಾನ್ವೆಂಟಿನವರು ಹೊಟ್ಟೆಕಿಚ್ಚು ಪಡಬೇಕಾದದ್ದು. 1ರಿಂದ 3ನೇ ತರಗತಿ ಒಟ್ಟಿಗೆ ಕೂರುವ ನಲಿ-ಕಲಿ ಶುರುವಾದದ್ದೇ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ, 1995ರಲ್ಲಿ. ಅಲ್ಲಿ ಪಾಠವನ್ನು ಮೈಲಿಗಲ್ಲು ಎಂಬ ಹಂತಗಳಾಗಿ, ಚಟುವಟಿಕೆ ಕಾರ್ಡುಗಳಾಗಿ ಜೋಡಿಸಿರುವ ಕಲಿಕಾ ಏಣಿಯನ್ನು ಮಗು ತನ್ನ ವೇಗದಲ್ಲೇ ಹತ್ತಬೇಕು ಎಂಬುದು ಪದ್ಧತಿಯ ತಿರುಳು. ಹಾಗಾಗಿ "ಇವಳು ಈಗ ಯಾವ ಮೈಲಿಗಲ್ಲಲ್ಲಿದ್ದಾಳೆ, ಮುಂದಿನ ಕಾರ್ಡ್ ಯಾವಾಗ?" ಎಂದಷ್ಟೇ ಕೇಳಿ. ಎಲ್ಲರನ್ನೂ ಒಂದೇ ಕಾರ್ಡಿನಲ್ಲಿ ನಿಲ್ಲಿಸಿದ್ದರೆ ಆ ಪ್ರಶ್ನೆಯಲ್ಲೇ ಅದು ಹೊರಬೀಳುತ್ತದೆ.

ಎಲ್ಲಿ ಕೆಡುತ್ತದೆ

ಸಾಮಾನ್ಯವಾಗಿ ಎರಡು ಕಡೆ. ಬೇಗ ಮುಗಿಸಿದ ಮಗುವಿಗೆ ಇನ್ನೂ ಇಪ್ಪತ್ತು ಅಂಥದೇ ಲೆಕ್ಕ ಕೊಡುತ್ತಾರೆ. ಬೇಗ ಮುಗಿಸುವುದು ಶಿಕ್ಷೆ ಎಂದು ತಿಳಿದ ಮಗು ನಿಧಾನ ಮಾಡಲು ಕಲಿಯುತ್ತದೆ. ಇಲ್ಲವೇ ಅದನ್ನೇ ಕ್ಲಾಸ್ ಲೀಡರ್ ಮಾಡಿ ಉಳಿದವರಿಗೆ ಹೇಳಿಕೊಡಲು ಕೂರಿಸುತ್ತಾರೆ. ವಾರಕ್ಕೊಮ್ಮೆ ಸರಿ, ದಿನಾ ಆದರೆ ಆ ಮಗು ಏನೂ ಕಲಿಯದು, ಗೆಳೆಯರೂ ಉಳಿಯರು. ಎರಡನ್ನೂ ಟೀಚರಿಗೆ ನೇರವಾಗಿ, ಮೆತ್ತಗೆ ಹೇಳಬಹುದು.

ಆರು ವಾರದ ಮೇಲೆ ಎಫ್ಎ ಅಂಕ, ಹಾಳೆಗಳು, ಬೆಳಗ್ಗೆ ಶಾಲೆಗೆ ಹೊರಡುವಾಗಿನ ರಗಳೆ ಕಡಿಮೆಯಾಯಿತೇ ಎಂಬುದು, ಮೂರನ್ನೂ ಇಟ್ಟುಕೊಂಡು ಮತ್ತೆ ಭೇಟಿಯಾಗಿ. ಟೀಚರ್ ಒಪ್ಪದಿದ್ದರೆ ಅದೇ ಚೀಟಿ ಎಚ್ಎಂಗೆ. ಸರ್ಕಾರಿ ಶಾಲೆಯಲ್ಲಿ ನಂತರ ಎಸ್‌ಡಿಎಂಸಿ (ಪೋಷಕರಿರುವ ಶಾಲಾ ಮೇಲುಸ್ತುವಾರಿ ಸಮಿತಿ), ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ), ಕೊನೆಗೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ). ಅನುದಾನರಹಿತ ಖಾಸಗಿ ಶಾಲೆಗೆ ಎಸ್‌ಡಿಎಂಸಿ ಕಡ್ಡಾಯವಲ್ಲ, ಆಡಳಿತ ಮಂಡಳಿಯನ್ನೇ ಕೇಳಬೇಕು. ಐಕ್ಯೂ ವರದಿ ಒಯ್ಯುವುದಾದರೆ ಈ ಹಂತದಲ್ಲಿ ಒಯ್ಯಿರಿ, ಮೊದಲ ದಿನವೇ ಅಲ್ಲ. ಬಿನೆ-ಕಾಮತ್ ಎಂಬ ಐಕ್ಯೂ ಪರೀಕ್ಷೆ ಕನ್ನಡದಲ್ಲೇ ಇದೆ. ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರ ಮಾಡಿಸಿ, ಅಂಕೆ ಮಾತ್ರವಲ್ಲದೆ "ತರಗತಿಯಲ್ಲಿ ಏನು ಮಾಡಬಹುದು" ಎಂಬ ಒಂದು ಪ್ಯಾರಾ ಬರೆಸಿಕೊಳ್ಳಿ. ಎಚ್ಎಂ ಓದುವುದು ಆ ಪ್ಯಾರಾವನ್ನೇ.