ಆರು ಸಾವಿರದೊಳಗೆ ಎದ್ದು ನಿಂತ ನನ್ನ ಲ್ಯಾಪ್‌ಟಾಪ್

ಆನ್ ಆಗೋಕೆ ನಾಲ್ಕೈದು ನಿಮಿಷ ತಿನ್ನುತ್ತಿದ್ದ ಲ್ಯಾಪ್‌ಟಾಪ್ ಈಗ ಹದಿನೈದು ಸೆಕೆಂಡಿಗೆಲ್ಲ ರೆಡಿ. "ಅದನ್ನ ಎಸೆದು ಹೊಸದು ತಗೊಳ್ಳಿ ಸಾರ್" ಅಂದವರೇ ಜಾಸ್ತಿ. ಅದಕ್ಕೇ ಬರೆಯುತ್ತಿದ್ದೇನೆ.

ಸೋಮವಾರಪೇಟೆ ಕಡೆಯ ಕೆಲವು ಕಾಫಿ ತೋಟಗಳ ಲೆಕ್ಕ ಬರೆಯೋದು ನನ್ನ ಕೆಲಸ. ಮೆಷಿನ್ 2018ರದ್ದು. ಪ್ರೊಸೆಸರ್ ಐ3-8130ಯು, 4 ಜಿಬಿ ರ‍್ಯಾಮ್, 5400 ಆರ್‌ಪಿಎಂನ 1 ಟಿಬಿ ಹಾರ್ಡ್‌ಡಿಸ್ಕ್. ಬಟವಾಡೆ ದಿನ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ, ಎಕ್ಸೆಲ್, ಕ್ರೋಮ್ ಮೂರೂ ತೆರೆದರೆ ಮುಗಿಯಿತು, ಕೂಲಿಯವರು ಹೊರಗೆ ಕಾಯುತ್ತಾ ನಿಂತಿರಬೇಕು.

ವಿಂಡೋಸ್ ರಿಸೆಟ್ ಮಾಡಿದೆ, ಒಂದು ವಾರ ಚೆನ್ನಾಗಿತ್ತು, ಮತ್ತೆ ಅದೇ ಕತೆ. ಪೆನ್‌ಡ್ರೈವ್ ಹಾಕಿ ಅದನ್ನು ವೇಗಕ್ಕೆ ಬಳಸಿಕೊಳ್ಳೋ ವಿಂಡೋಸ್‌ನ ರೆಡಿಬೂಸ್ಟ್ ನೋಡಿದೆ, ದಂಡ. ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಿದರೆ ಗಾಳಿಯ ಹಾಗೆ ಓಡಿತು, ಆದರೆ ಟ್ಯಾಲಿಗೆ ವಿಂಡೋಸೇ ಬೇಕಲ್ವಾ?

ಆಮೇಲೆ ಒಂದು ಬಟವಾಡೆ ದಿನ ಪೂರ್ತಿ, ಯಾವ ಭಾಗಕ್ಕೆ ಎಷ್ಟು ಹೊರೆ ಅಂತ ತೋರಿಸೋ ಟಾಸ್ಕ್ ಮ್ಯಾನೇಜರ್ ತೆರೆದಿಟ್ಟುಕೊಂಡೇ ಕೆಲಸ ಮಾಡಿದೆ. ಡಿಸ್ಕ್ ಶೇಕಡಾ 100ಕ್ಕೆ ಅಂಟಿಕೊಂಡಿದೆ, ಮೆಮೊರಿ (ರ‍್ಯಾಮ್) 90ರ ಮೇಲೆ, ಸಿಪಿಯು (ಪ್ರೊಸೆಸರ್) ಮಾತ್ರ 20-25ರಲ್ಲಿ ಆರಾಮಾಗಿದೆ. ತೊಂದರೆ ಡಿಸ್ಕ್ ಮತ್ತು ರ‍್ಯಾಮ್‌ನದ್ದು, ಅವಕ್ಕೇ ದುಡ್ಡು ಹಾಕೋಣ ಅನ್ನೋ ತೀರ್ಮಾನ ಅಲ್ಲೇ ಆಯಿತು. ಸಿಪಿಯು 100 ತೋರಿಸಿ, ಫ್ಯಾನ್ ಧೂಳು ತೆಗೆದು ಪ್ರೊಸೆಸರ್ ಮೇಲಿನ ಶಾಖ ಸಾಗಿಸುವ ಪೇಸ್ಟ್ ಬದಲಿಸಿದ ಮೇಲೂ ಇಳಿಯದಿದ್ದರೆ ನಾನು ಒಂದು ರೂಪಾಯಿಯನ್ನೂ ಹಾಕುತ್ತಿರಲಿಲ್ಲ.

ಆಗ ಆದ ಖರ್ಚು ನೆನಪಿನಿಂದ ಹೇಳುತ್ತೇನೆ. ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್, ಅಂದರೆ 240 ಜಿಬಿ ಸಾಟಾ ಎಸ್‌ಎಸ್‌ಡಿ ಸುಮಾರು 1,800. 8 ಜಿಬಿ ಡಿಡಿಆರ್4 ರ‍್ಯಾಮ್ 1,700ರ ಆಸುಪಾಸು. ಬ್ಯಾಟರಿ 2,000. ಪೇಸ್ಟ್ ಇನ್ನೂರು. ಬೆಂಗಳೂರಿನ ಎಸ್.ಪಿ. ರೋಡಿನ ಯಾವ ಅಂಗಡಿ ಅಂತ ಮಾತ್ರ ಕೇಳಬೇಡಿ. ಬ್ಯಾಟರಿ ಯಾಕೆ ಅಂದರೆ, ನಮ್ಮಲ್ಲಿ ಜುಲೈ ಮಳೆಗೆ ಮರ ಬಿದ್ದು ಲೈನ್ ಹೋದರೆ ಕರೆಂಟ್ ಯಾವಾಗ ಬರುತ್ತೋ ಗೊತ್ತಿಲ್ಲ. ಬ್ಯಾಟರಿ ಬಿಟ್ಟು ಲೆಕ್ಕ ಹಾಕಿದರೆ ಕೊಡಗಿನಲ್ಲಿ ಅದು ಲೆಕ್ಕವೇ ಅಲ್ಲ.

ಹಳೇ ಡಿಸ್ಕನ್ನು ಇದ್ದ ಹಾಗೇ ಹೊಸದಕ್ಕೆ ನಕಲು ಮಾಡೋ ಕ್ಲೋನಿಂಗ್ ಬಹಳ ಕಾಡಿತು. ಹಳೇ ಡಿಸ್ಕ್‌ನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ (ಡಿಸ್ಕ್ ಆರೋಗ್ಯ ತೋರಿಸೋ ಸಾಫ್ಟ್‌ವೇರ್) ಹಳದಿ ಎಚ್ಚರಿಕೆ ತೋರಿಸುತ್ತಿತ್ತು, ಪೆಂಡಿಂಗ್ ಸೆಕ್ಟರ್, ಅಂದರೆ ಡಿಸ್ಕ್‌ಗೆ ಓದಲಾಗದೆ ಉಳಿದ ಜಾಗ. ನಕಲು ಅರ್ಧಕ್ಕೆ ಬಂದು ನಿಲ್ಲುತ್ತಿತ್ತು, ಪ್ರತಿ ಸಲವೂ. ಕೊನೆಗೆ ಕ್ಲೋನ್ ಬಿಟ್ಟು ಹೊಸದಾಗಿ ವಿಂಡೋಸ್ 11 ಹಾಕಿ, ಡೇಟಾ ಮಾತ್ರ ಹೊರತೆಗೆದೆ. ಆ ಸೆಕ್ಟರ್‌ಗಳಿಂದ ಟ್ಯಾಲಿ ಫೋಲ್ಡರ್ ಬಿಡಿಸಿದ ಕ್ರಮ ನನ್ನ ಹತ್ತಿರವೇ ಇರಲಿ, ಅದರಿಂದ ಈಗ ಒಂದಿಷ್ಟು ಕೆಲಸ ಸಿಗುತ್ತಿದೆ. ರ‍್ಯಾಮ್ ಹಾಕಿದಾಗ ಮೊದಲು ಸ್ಕ್ರೀನೇ ಬರಲಿಲ್ಲ. ಹಳೇ ಸ್ಟಿಕ್ ತೆಗೆದು ನೋಡಿದರೆ ಚಿನ್ನದ ಬಣ್ಣದ ಪಟ್ಟಿ ನಮ್ಮ ತೇವಕ್ಕೆ ಮಂಕಾಗಿ ಕಲೆ ಕಟ್ಟಿತ್ತು. ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿದೆ, 12 ಜಿಬಿ ಕಾಣಿಸಿತು.

ನಮ್ಮ ಭಾವನ ಲ್ಯಾಪ್‌ಟಾಪ್ ಕೂಡ ಅದೇ ವರ್ಷದ್ದು, ಹೊರಗಿಂದ ಅದೇ ಥರ. ಒಳಗಿನ ಪ್ರೊಸೆಸರ್ ಮಾತ್ರ ಹಿಂದಿನ ತಲೆಮಾರಿನ ಐ3-7020ಯು. ಅದು ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ. ವಿಂಡೋಸ್ 10ರ ಮಾಮೂಲಿ ಸಪೋರ್ಟ್ (ಸುರಕ್ಷತೆಯ ಅಪ್‌ಡೇಟ್) 2025ರ ಅಕ್ಟೋಬರ್ 14ಕ್ಕೇ ನಿಂತಿದೆ. ಬ್ಯಾಂಕು, ಜಿಎಸ್‌ಟಿ ಎಲ್ಲ ಅದರಲ್ಲೇ ಮಾಡುತ್ತಿದ್ದರು, ಜೊತೆಗೆ ಸ್ಕ್ರೀನಿನ ಹಿಂಜ್ ಬೇರೆ ಮುರಿದಿತ್ತು. "ಭಾವ, ಇದಕ್ಕೆ ದುಡ್ಡು ಹಾಕಬೇಡಿ" ಅಂದೆ. ಹದಿನೆಂಟು ಸಾವಿರ ಚಿಲ್ಲರೆಗೆ ಕಂಪನಿಯೊಂದು ಬಳಸಿ ಬಿಟ್ಟ 10ನೇ ತಲೆಮಾರಿನ ಐ5 ಕೊಡಿಸಿದೆ. ಅಪ್‌ಗ್ರೇಡ್ ಖರ್ಚು ಅಂಥ ಒಳ್ಳೆ ಸೆಕೆಂಡ್‌ಹ್ಯಾಂಡ್ ಬೆಲೆಯ ಮೂರನೇ ಒಂದು ಭಾಗ ದಾಟಿದರೆ ಬೇಡ. ನಾನು ಇಟ್ಟುಕೊಂಡಿರೋ ಗೆರೆ ಇದು.

ನಾನು ರ‍್ಯಾಮ್ ತಗೊಂಡಿದ್ದು ಬೆಲೆ ಏರುವ ಮೊದಲು. ಈಗ ಮಾಡುವವರು ಮೊದಲು ಎಸ್‌ಎಸ್‌ಡಿ ಒಂದನ್ನೇ ಹಾಕಿ ನೋಡಿ. ರ‍್ಯಾಮ್ ಬೇಕೇ ಅನ್ನಿಸಿದರೆ ಹಿಂಬದಿ ಬಿಚ್ಚಿ, ಖಾಲಿ ಸ್ಲಾಟ್ ಕಣ್ಣಾರೆ ಕಂಡ ಮೇಲೇ ದುಡ್ಡು ಕೊಡಿ. ಬೋರ್ಡಿಗೇ ಬೆಸುಗೆ ಹಾಕಿದ ರ‍್ಯಾಮನ್ನೂ ಟಾಸ್ಕ್ ಮ್ಯಾನೇಜರ್ ಕೆಲವು ಸಲ ಸ್ಲಾಟ್ ಅಂತ ಎಣಿಸುತ್ತದೆ.