ಬ್ಯಾಗಿನಲ್ಲಿ ಆಂಟೆನಾ: ಸಹ್ಯಾದ್ರಿಗೆ ಯಾವುದು, ಗೋವಾ ಕಡಲಿಗೆ ಯಾವುದು?

ಕಳೆದ ಚಳಿಗಾಲದಲ್ಲಿ ಮುಳಶಿ ಜಲಾಶಯದ ಹತ್ತಿರ ಒಂದು ಬೋಳು ಗುಡ್ಡ ಹತ್ತಿದ್ದೆ. ಪುಣೆಯಿಂದ ಬೆಳಿಗ್ಗೆ ಬೇಗ ಹೊರಟಿದ್ದೆ. ಬ್ಯಾಗಿನಲ್ಲಿ 5 ವಾಟಿನ ಹ್ಯಾಮ್ ರೇಡಿಯೊ, ಅಂದರೆ ಹವ್ಯಾಸಿಗಳು ದೂರದವರ ಜೊತೆ ಮಾತಾಡಲು ಬಳಸುವ ರೇಡಿಯೊ. ಜೊತೆಗೆ ಒಂದು ಬ್ಯಾಟರಿ, ಒಂದೂಕಾಲು ಮೀಟರಿನ ಮಡಚುವ ಕಡ್ಡಿಯಂಥ ವಿಪ್ ಆಂಟೆನಾ. ಧಾರವಾಡದಲ್ಲಿ ನಮ್ಮ ತಂದೆಯ ಗೆಳೆಯರೊಬ್ಬರಿದ್ದಾರೆ. ಹಳೆಯ ಹ್ಯಾಮ್. ನಾವೆಲ್ಲ ಕಾಕಾ ಅನ್ನುತ್ತೇವೆ. 7 ಮೆಗಾಹರ್ಟ್ಸ್‌ನಲ್ಲಿ ಅವರನ್ನು ಎರಡು ಗಂಟೆ ಕರೆದೆ. ಉತ್ತರವಿಲ್ಲ. ಕೊನೆಗೆ ಫೋನ್ ಮಾಡಿದೆ. "ಏನೂ ಕೇಳ್ಸವಲ್ತಪಾ ತಮ್ಮಾ. ಆ ಕಡ್ಡಿ ಬಿಡು, ವೈರ್ ಎಳಿ," ಅಂದರು.

ಮುಂದಿನ ಭಾನುವಾರ ಅದೇ ಗುಡ್ಡ, ಅದೇ ರೇಡಿಯೊ, ಅದೇ 5 ವಾಟ್. ಈ ಸಲ 20 ಮೀಟರ್ ವೈರ್ ಕಟ್ಟಿದ್ದೆ. ಮೊದಲ ಕರೆಗೇ ಕಾಕಾ ಸಿಕ್ಕರು. "ಬಾಜೂಕ ಕುಂತು ಮಾತಾಡಿದಂಗ ಐತಿ" ಅಂದರು.

ಆಂಟೆನಾ ಕೊಳ್ಳುವಾಗ ನಾವು ಮೊದಲು ನೋಡುವುದು ಅದು ಎಷ್ಟು ಚಿಕ್ಕದು, ಎಷ್ಟು ಹಗುರ ಅಂತ. ಅದು ಕೊನೆಯಲ್ಲಿ ನೋಡಬೇಕಾದ್ದು. ಯಾರ ಜೊತೆ ಮಾತಾಡಬೇಕು, ಹೋಗುವ ಜಾಗದಲ್ಲಿ ಅದನ್ನು ಯಾವುದಕ್ಕೆ ಕಟ್ಟುತ್ತೀರಿ, ಈ ಎರಡು ಪ್ರಶ್ನೆ ಮೊದಲು ಬರಬೇಕು.

ಇದಕ್ಕೂ ಮುಂಚೆ ಒಂದು ಮಾತು. ರೇಡಿಯೊ ಕೇಳುವುದಕ್ಕಷ್ಟೇ ಆದರೆ ಆಂಟೆನಾ ಆರಿಸುವುದು ಸುಲಭ. ಶಾರ್ಟ್‌ವೇವ್ ಸೆಟ್ಟಿನ ಕಡ್ಡಿಗೆ ಆರೇಳು ಮೀಟರ್ ವೈರ್ ಕ್ಲಿಪ್ ಹಾಕಿ ಕಿಟಕಿಯಾಚೆ ಇಳಿಬಿಟ್ಟರೆ ಸಾಕು. ಮಾತಾಡಬೇಕು ಅಂದರೆ ಲೈಸೆನ್ಸ್ ಬೇಕೇಬೇಕು. ದೂರಸಂಪರ್ಕ ಇಲಾಖೆಯ ಡಬ್ಲ್ಯೂಪಿಸಿ ವಿಭಾಗದ ಪರೀಕ್ಷೆ ಪಾಸಾಗಿ ಅದನ್ನು ಪಡೆಯಬೇಕು. ಮನೆಯಿಂದ ದೂರ ಹೋಗಿ ಬಳಸುವ ಬಗ್ಗೆ ಅದರ ಷರತ್ತುಗಳನ್ನು ಓದಿಕೊಂಡೇ ಹೊರಡಿ. ಅದರ ಪ್ರತಿ ಬ್ಯಾಗಿನಲ್ಲಿರಲಿ. ಪುಣೆಯ ಸುತ್ತ ಸೇನೆಯ ಜಾಗಗಳು ಬಹಳ. ಆಂಟೆನಾ ಎತ್ತಿ ಹಿಡಿಯುವ ಕೋಲು, ವೈರ್ ಕಂಡರೆ ಜನ ವಿಚಾರಿಸುತ್ತಾರೆ, ವಿಚಾರಿಸಬೇಕಾದ್ದೇ.

ಹೆಜ್ಜೆ 1: ಎಷ್ಟು ದೂರದ ಮಾತು?

ಗುಡ್ಡದಿಂದ ಗುಡ್ಡಕ್ಕೆ, ಕಣ್ಣಿಗೆ ಕಾಣುವಷ್ಟು ದೂರದ ಮಾತಿಗೆ 145 ಮೆಗಾಹರ್ಟ್ಸ್‌ನ ಕೈ ಸೆಟ್ ಸಾಕು. ಅದರ ಜೊತೆ ಬರುವ ಗಿಡ್ಡ ರಬ್ಬರ್ ಆಂಟೆನಾ ಮಾತ್ರ ಬದಲಿಸಿ. ಸುಮಾರು 49 ಸೆಂಟಿಮೀಟರಿನ ಕಾಲು ಅಲೆಯ (ರೇಡಿಯೊ ಅಲೆಯ ಉದ್ದದ ಹೆಚ್ಚುಕಡಿಮೆ ಕಾಲು ಭಾಗದಷ್ಟು ಉದ್ದದ) ವಿಪ್ ಹಾಕಿ. ಅಷ್ಟೇ ಉದ್ದದ ಇನ್ನೊಂದು ವೈರನ್ನು ಆಂಟೆನಾದ ಬುಡದ ಲೋಹದ ಬಳೆಗೆ ಸಿಕ್ಕಿಸಿ ಬಾಲದ ಹಾಗೆ ಕೆಳಗೆ ಬಿಡಿ. ಹತ್ತು ರೂಪಾಯಿ ಖರ್ಚಿಲ್ಲದ ಈ ಬಾಲದಿಂದ ಆಗುವ ಲಾಭ ನೋಡಿದರೆ ಆಶ್ಚರ್ಯವಾಗುತ್ತದೆ.

ಪುಣೆಯಿಂದ ಧಾರವಾಡಕ್ಕೆ ನೇರ ದೂರ 350 ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ಹಗಲಿನಲ್ಲಿ ಈ ದೂರಕ್ಕೆ 40 ಮೀಟರ್ ಬ್ಯಾಂಡ್, ಅಂದರೆ 7 ಮೆಗಾಹರ್ಟ್ಸ್, ಹೇಳಿ ಮಾಡಿಸಿದ ಹಾಗಿದೆ. ಇದಕ್ಕೆ ಆಂಟೆನಾ ಎತ್ತರ ಇರಬೇಕಾಗಿಲ್ಲ. ನೆಲಕ್ಕೆ ಅಡ್ಡವಾಗಿ, ಐದಾರು ಮೀಟರ್ ಎತ್ತರದಲ್ಲಿ ಕಟ್ಟಿದ ವೈರ್ ತನ್ನ ಅಲೆಗಳನ್ನು ಹೆಚ್ಚುಕಡಿಮೆ ನೇರ ಮೇಲಕ್ಕೆ ಕಳಿಸುತ್ತದೆ. ಪೈಪಿನಿಂದ ನೀರನ್ನು ಮೇಲಕ್ಕೆ ಚಿಮ್ಮಿಸಿದರೆ ಸುತ್ತಲೂ ಬೀಳುತ್ತದೆ ಅಲ್ವಾ, ಹಾಗೆ ಆ ಅಲೆಗಳು ಅಯಾನುಗೋಳಕ್ಕೆ, ಅಂದರೆ ವಾತಾವರಣದ ಮೇಲ್ಭಾಗದ ವಿದ್ಯುತ್ ಕಣಗಳ ಪದರಕ್ಕೆ, ಬಡಿದು ಸುತ್ತಲೂ ಕೆಲವು ನೂರು ಕಿಲೋಮೀಟರ್ ದೂರದ ತನಕ ಇಳಿಯುತ್ತವೆ. ನಡುವೆ ಘಟ್ಟ ಇದ್ದರೂ ತೊಂದರೆಯಿಲ್ಲ.

ಕೊಲ್ಲಿ ದೇಶ, ಯುರೋಪ್, ಜಪಾನ್ ಬೇಕು ಅಂದರೆ 14 ಮೆಗಾಹರ್ಟ್ಸ್ ಮತ್ತು ಅದರ ಮೇಲಿನ ಬ್ಯಾಂಡುಗಳು. ಆಗ ಅಲೆ ದಿಗಂತದ ಕಡೆ ತಗ್ಗಾಗಿ ಹೋಗಬೇಕು. ನೇರ ನಿಲ್ಲಿಸಿದ ಆಂಟೆನಾ ಆ ಕೆಲಸ ಮಾಡುತ್ತದೆ.

ಹೆಜ್ಜೆ 2: ಜಾಗದಲ್ಲಿ ಏನಿದೆ?

ತಾಮ್ಹಿಣಿ ಘಾಟಿನಂಥ ಕಾಡಿನಲ್ಲಿ ಮರಗಳಿವೆ. ಒಂದು ಹಗ್ಗ ಎಸೆದರೆ ಆಯಿತು. ಆದರೆ ಸಹ್ಯಾದ್ರಿಯ ನೆತ್ತಿಯಲ್ಲಿ ಮರಾಠಿಯವರು ಸಡಾ ಅನ್ನುವ ಬಯಲುಗಳಿವೆ. ಕೆಳಗೆ ಜಂಬಿಟ್ಟಿಗೆ ಕಲ್ಲು, ಮೇಲೆ ಒಂದು ಬೆರಳು ಮಣ್ಣು. ಮರವಿಲ್ಲ. ಟೆಂಟಿನ ಗೂಟ ಇಳಿಯುವುದಿಲ್ಲ. ಇಲ್ಲಿಗೆ ಹೋಗುವವರು ಉದ್ದುದ್ದ ಹಗ್ಗ ಒಯ್ಯಬೇಕು, ಕೋಲನ್ನು ಮೂರು ಕಡೆಯಿಂದ ದೊಡ್ಡ ಕಲ್ಲುಗಳಿಗೆ ಬಿಗಿಯಬೇಕು. ಮೊದಲ ಸಲ ನಾನು ಗೂಟಗಳನ್ನೇ ನಂಬಿ ಹೋಗಿದ್ದೆ. ಗಾಳಿಗೆ ಕೋಲು ಮೂರು ಸಲ ಬಿತ್ತು. ಕೋಟೆಗಳ ಮೇಲೆ ಗೋಡೆಗೆ, ಬುರುಜಿಗೆ ಏನನ್ನೂ ಕಟ್ಟಬೇಡಿ. ಅವು ನಮಗಿಂತ ಮುಂಚೆ ಇದ್ದವು, ನಮ್ಮ ನಂತರವೂ ಇರಬೇಕು.

ಗೋವಾದ ಕಡಲ ದಂಡೆಯ ಲೆಕ್ಕವೇ ಬೇರೆ. ಉಪ್ಪು ನೀರು ರೇಡಿಯೊ ಅಲೆಗೆ ಕನ್ನಡಿ ಇದ್ದ ಹಾಗೆ. ನೀರಿನ ಅಂಚಿಗೆ ನೇರ ನಿಲ್ಲಿಸಿದ ಆಂಟೆನಾದಿಂದ ತಗ್ಗಾಗಿ ಹೊರಟ ಅಲೆ ಅರಬ್ಬಿ ಸಮುದ್ರದ ಮೇಲೆ ಬಹಳ ದೂರ ಹೋಗುತ್ತದೆ. ಅಗೋಂದದಲ್ಲಿ ಬೆಳಿಗ್ಗೆ ಜನ ಬರುವ ಮೊದಲು ಕೂತು ನೋಡಿ. ಮರಳಿನಲ್ಲಿ ಗೂಟ ನಿಲ್ಲದು, ಅದಕ್ಕೆ ಬಟ್ಟೆ ಚೀಲಕ್ಕೆ ಮರಳು ತುಂಬಿ, ಹಗ್ಗ ಕಟ್ಟಿ, ಹೂತುಬಿಡಿ. ಕಾಯಿ ಬಿಟ್ಟ ತೆಂಗಿನ ಮರದ ಕೆಳಗೆ ಮಾತ್ರ ಕೂರಬೇಡಿ.

ಮುಂಬೈನ ಫ್ಲ್ಯಾಟಿನ ಬಾಲ್ಕನಿಯಲ್ಲಿ ಮರವೂ ಇಲ್ಲ, ಜಾಗವೂ ಇಲ್ಲ. ಮ್ಯಾಗ್ನೆಟಿಕ್ ಲೂಪ್, ಅಂದರೆ ಒಂದು ಮೀಟರ್ ಅಗಲದ ಬಳೆಯಂಥ ಆಂಟೆನಾ, ಅಂಥ ಕಡೆ ಉಪಯೋಗಕ್ಕೆ ಬರುತ್ತದೆ. ಲಿಫ್ಟ್, ಎಲ್‌ಇಡಿ ದೀಪಗಳ ಗದ್ದಲ ಒಂದು ದಿಕ್ಕಿನಿಂದ ಬರುತ್ತಿದ್ದರೆ, ಲೂಪನ್ನು ತಿರುಗಿಸಿ ಅದನ್ನು ಸ್ವಲ್ಪ ತಗ್ಗಿಸಬಹುದು. ಆದರೆ ಸ್ವಲ್ಪ ಫ್ರೀಕ್ವೆನ್ಸಿ ಬದಲಿಸಿದರೂ ಮತ್ತೆ ಟ್ಯೂನ್ ಮಾಡಬೇಕು, ಬೆಲೆಯೂ ಜಾಸ್ತಿ. ಪ್ರಯಾಣಕ್ಕೆ ನಾನು ಇದನ್ನು ಆರಿಸುವುದಿಲ್ಲ.

ಹೆಜ್ಜೆ 3: ವೈರ್ ಅಳೆಯುವುದು

ನನ್ನ ಆಯ್ಕೆ ವೈರ್. ಎರಡು ಬಗೆ ಇವೆ.

ಮೊದಲನೆಯದು ಡೈಪೋಲ್. 143 ಅನ್ನು ನಿಮ್ಮ ಮೆಗಾಹರ್ಟ್ಸ್‌ನಿಂದ ಭಾಗಿಸಿ, ಒಟ್ಟು ಉದ್ದ ಮೀಟರಿನಲ್ಲಿ ಸಿಗುತ್ತದೆ. 7.1ಕ್ಕೆ ಸುಮಾರು 20.1 ಮೀಟರ್, 14.2ಕ್ಕೆ ಸುಮಾರು 10 ಮೀಟರ್. ಅದನ್ನು ಸರಿಯಾಗಿ ಎರಡು ಭಾಗ ಮಾಡಿ, ನಡುವೆ ಕೇಬಲ್ ಜೋಡಿಸಿ. ನಡುಭಾಗ ಕೋಲಿನ ತುದಿಗೆ, ಎರಡು ಕೈ ಇಳಿಜಾರಾಗಿ ಆಚೀಚೆ. ಆಂಟೆನಾವನ್ನು ರೇಡಿಯೊಗೆ ಹೊಂದಿಸುವ ಟ್ಯೂನರ್ ಬೇಡ, ನೆಲಕ್ಕೆ ವೈರ್ (ಅರ್ಥ್) ಕೊಡುವ ಹಂಗಿಲ್ಲ. ಮೊದಲ ಆಂಟೆನಾ ಇದೇ ಇರಲಿ ಅನ್ನುವುದು ನನ್ನ ಮಾತು. ಕೈಯಾರೆ ಮಾಡಿದರೆ ಆಂಟೆನಾ ಅಂದರೇನು ಅಂತ ಅರ್ಥವಾಗುತ್ತದೆ.

ಎರಡನೆಯದು ಒಂದು ತುದಿಯಿಂದ ವಿದ್ಯುತ್ ಕೊಡುವ ಅರ್ಧ ಅಲೆಯ ವೈರ್. ಅದೇ 20 ಮೀಟರ್, ಆದರೆ ಒಂದೇ ತುಂಡು. ತುದಿಯಲ್ಲಿ ಪ್ರತಿರೋಧ ಎರಡು ಮೂರು ಸಾವಿರ ಓಮ್ ಇರುತ್ತದೆ, ರೇಡಿಯೊಗೆ ಬೇಕಾದ್ದು 50. ಅದಕ್ಕೆ ನಡುವೆ 49:1 ಟ್ರಾನ್ಸ್‌ಫಾರ್ಮರ್ ಬೇಕು. ಫೆರೈಟ್ ಅನ್ನುವ ಕಾಂತೀಯ ವಸ್ತುವಿನ ಬಳೆಯ ಮೇಲೆ ಒಂದು ಕಡೆ 2 ಸುತ್ತು, ಇನ್ನೊಂದು ಕಡೆ 14 ಸುತ್ತು. 14ನ್ನು 2ರಿಂದ ಭಾಗಿಸಿದರೆ 7, ಏಳೇಳ್ಲಿ 49. ಈ ವೈರಿನ ಚೆಂದ ಏನೆಂದರೆ 7ಕ್ಕೆ ಅಳೆದದ್ದು 14, 21, 28 ಮೆಗಾಹರ್ಟ್ಸ್‌ನಲ್ಲೂ ಕೆಲಸ ಮಾಡುತ್ತದೆ. ಒಂದು ತುದಿ ನಿಮ್ಮ ಪಕ್ಕದಲ್ಲಿ, ಇನ್ನೊಂದು ಮರದ ಮೇಲೆ. ಟ್ರಾನ್ಸ್‌ಫಾರ್ಮರಿನ ನೆಲದ (ಅರ್ಥ್) ಕಡೆಗೆ 2 ಮೀಟರಿನ ಒಂದು ವೈರ್ ತುಂಡು ಜೋಡಿಸಿ ಕೆಳಗೆ ಹಾಸಿ. ನನ್ನ ಬ್ಯಾಗಿನಲ್ಲಿ ಈಗ ಇರುವುದು ಇದೇ.

ವೈರನ್ನು ಲೆಕ್ಕಕ್ಕಿಂತ ಅರ್ಧ ಮೀಟರ್ ಉದ್ದ ಬಿಡಿ. ಪ್ಲಾಸ್ಟಿಕ್ ಹೊದಿಕೆಯ ವೈರ್ ಲೆಕ್ಕಕ್ಕಿಂತ ಸ್ವಲ್ಪ ಗಿಡ್ಡ ಬೇಕಾಗುತ್ತದೆ, ಆದರೂ ಕತ್ತರಿಸಬೇಡಿ, ತುದಿ ಮಡಚಿ ಸುತ್ತಿ. ಮನೆ ಹತ್ತಿರದ ಮೈದಾನದಲ್ಲಿ ಕಟ್ಟಿ ಎಸ್‌ಡಬ್ಲ್ಯೂಆರ್ ನೋಡಿ. ಆಂಟೆನಾ ರೇಡಿಯೊಗೆ ಎಷ್ಟು ಹೊಂದುತ್ತದೆ ಅಂತ ತೋರಿಸುವ ಅಳತೆ ಅದು, 1 ಅಂದರೆ ಪೂರ್ತಿ ಹೊಂದಿಕೆ. 1.5ರ ಒಳಗೆ ಬಂದರೆ ಬಹಳ ಚೆನ್ನ, 2ರ ತನಕ ನಡೆಯುತ್ತದೆ. 1 ಬರಲೇಬೇಕು ಅಂತ ದಿನವೆಲ್ಲ ಕಳೆಯಬೇಡಿ.

ಹೆಜ್ಜೆ 4: ಕೋಲು ಮತ್ತು ಕೇಬಲ್

1901ರ ಡಿಸೆಂಬರ್ 12ರಂದು ಮಾರ್ಕೋನಿ ನ್ಯೂಫೌಂಡ್‌ಲ್ಯಾಂಡಿನ ಸಿಗ್ನಲ್ ಹಿಲ್ ಮೇಲೆ ಅಟ್ಲಾಂಟಿಕ್ ದಾಟಿದ ಸಂಕೇತ ಹಿಡಿಯಲು ಕೂತಾಗ, ಅವರ ಆಂಟೆನಾ ಗಾಳಿಪಟ ಎತ್ತಿ ಹಿಡಿದ ವೈರ್ ಆಗಿತ್ತು. ನಮಗೆ ಗಾಳಿಪಟ ಬೇಡ. ಮೀನು ಹಿಡಿಯುವ ಕೋಲಿನಂತೆ ಒಂದರೊಳಗೊಂದು ಸೇರುವ 6ರಿಂದ 10 ಮೀಟರಿನ ಕೋಲು ಸಾಕು. ಫೈಬರ್‌ಗ್ಲಾಸ್ ಕೋಲನ್ನೇ ಕೊಳ್ಳಿ. ಕಾರ್ಬನ್ ಫೈಬರ್ ಹಗುರ ನಿಜ, ಆದರೆ ಅದರಲ್ಲಿ ವಿದ್ಯುತ್ ಹರಿಯುತ್ತದೆ, ವೈರಿನ ಲೆಕ್ಕ ಕೆಡುತ್ತದೆ. ಮಡಚಿದಾಗ 70 ಸೆಂಟಿಮೀಟರ್ ಒಳಗಿದ್ದರೆ ಮುಂಬೈ ಲೋಕಲ್ಲಿನಲ್ಲೂ ಯಾರಿಗೂ ತಾಗಿಸದೆ ಒಯ್ಯಬಹುದು.

ರೇಡಿಯೊದಿಂದ ಆಂಟೆನಾಗೆ ಹೋಗುವ ಸಪೂರ ಆರ್‌ಜಿ-174 ಕೇಬಲ್ ಶಾರ್ಟ್‌ವೇವ್‌ಗೆ 5 ಮೀಟರ್ ತನಕ ಪರವಾಗಿಲ್ಲ. 145 ಮೆಗಾಹರ್ಟ್ಸ್‌ಗೆ ಬೇಡವೇ ಬೇಡ, ಅಲ್ಲಿ 10 ಮೀಟರಿನಲ್ಲೇ ಅರ್ಧ ಶಕ್ತಿ ಕೇಬಲ್ಲಿನಲ್ಲೇ ಕಳೆದುಹೋಗುತ್ತದೆ.

ಹೆಜ್ಜೆ 5: ಕಟ್ಟುವ ಮೊದಲು ತಲೆ ಎತ್ತಿ ನೋಡಿ

ವಿದ್ಯುತ್ ತಂತಿ ಹತ್ತಿರವಿದ್ದರೆ ಜಾಗ ಬದಲಿಸಿ. ಕೋಲು ಬಿದ್ದರೂ ತಂತಿ ತಲುಪಬಾರದು, ಅಷ್ಟು ದೂರ ಬೇಕು. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಮತ್ತು ಮಳೆ ಹಿಂದಿರುಗುವ ಅಕ್ಟೋಬರಿನಲ್ಲಿ ಘಟ್ಟದ ಮೇಲೆ ಸಿಡಿಲು ಹಠಾತ್ತನೆ ಬರುತ್ತದೆ. ಗುಡುಗು ಕೇಳಿದ ಕ್ಷಣ ರೇಡಿಯೊ ಕಳಚಿ, ಎಲ್ಲ ಬಿಟ್ಟು ಇಳಿಯಿರಿ. ಅರ್ಧ ಅಲೆಯ ವೈರಿನ ತುದಿಯಲ್ಲಿ ವೋಲ್ಟೇಜ್ ಜಾಸ್ತಿ, ಮಕ್ಕಳ ಕೈಗೆ, ದನಗಳ ಮೂತಿಗೆ ಸಿಗದಷ್ಟು ಎತ್ತರದಲ್ಲಿರಲಿ.

ಕಟ್ಟುವುದನ್ನು ಮನೆಯಲ್ಲಿ ನಾಲ್ಕೈದು ಸಲ ರೂಢಿ ಮಾಡಿ, ಒಬ್ಬರೇ, ಗಡಿಯಾರ ನೋಡಿಕೊಂಡು. 2004ರ ಡಿಸೆಂಬರಿನಲ್ಲಿ ಭಾರತದ ಹ್ಯಾಮ್ ಭಾರತಿ ಪ್ರಸಾದ್ ಅವರ ತಂಡ ಹ್ಯಾಮ್ ಹವ್ಯಾಸಕ್ಕಾಗಿ ಅಂಡಮಾನಿನ ಪೋರ್ಟ್‌ಬ್ಲೇರ್‌ಗೆ ಹೋಗಿತ್ತು. 26ರಂದು ಸುನಾಮಿ ಬಂತು. ಹವ್ಯಾಸಕ್ಕೆ ಒಯ್ದಿದ್ದ ರೇಡಿಯೊಗಳೇ ದ್ವೀಪದ ಜನರ ಸುದ್ದಿಯನ್ನು ಊರಿನವರಿಗೆ ಮುಟ್ಟಿಸಿದವು. ಇದನ್ನು ನೆನೆದಾಗಲೆಲ್ಲ, ನನ್ನ ವೈರ್ ಹತ್ತು ನಿಮಿಷದಲ್ಲಿ ಮೇಲೇರಬೇಕು ಅನ್ನಿಸುತ್ತದೆ.

ಗೋವಾದಿಂದ ಬಂದ ದಿನವೇ ವೈರ್, ಕನೆಕ್ಟರ್, ಕೋಲಿನ ಗೆಣ್ಣುಗಳನ್ನು ಸಿಹಿ ನೀರಿನ ಒದ್ದೆ ಬಟ್ಟೆಯಿಂದ ಒರೆಸಿ, ನೆರಳಿನಲ್ಲಿ ಒಣಗಿಸಿ. ಉಪ್ಪು ಒಂದೇ ವಾರದಲ್ಲಿ ತಾಮ್ರವನ್ನು ಹಸಿರು ಮಾಡುತ್ತದೆ. ಆಮೇಲೆ ವೈರನ್ನು ಹೆಬ್ಬೆರಳು, ಕಿರುಬೆರಳಿನ ನಡುವೆ 8ರ ಆಕಾರದಲ್ಲಿ ಸುತ್ತಿಡಿ. ಮುಂದಿನ ಗುಡ್ಡದ ಮೇಲೆ ಗಂಟಾಗದೆ ಬಿಚ್ಚಿಕೊಳ್ಳುತ್ತದೆ.