ಅನಿಮೇಷನ್ ಕುಟುಂಬ ಹಾಸ್ಯದಲ್ಲಿ ಒಡಹುಟ್ಟಿದವರನ್ನೂ ಪೋಷಕ ಪಾತ್ರಗಳನ್ನೂ ಬರೆಯುವ ಬಗೆ

ಕುಟುಂಬವೊಂದರ ಸುತ್ತ ಅನಿಮೇಷನ್ ಹಾಸ್ಯ ಧಾರಾವಾಹಿ ಬರೆಯಲು ಹೊರಟವರು ಸಾಮಾನ್ಯವಾಗಿ ಮೊದಲು ಅಪ್ಪನನ್ನು ರೂಪಿಸುತ್ತಾರೆ, ಆಮೇಲೆ ಅಮ್ಮನನ್ನು, ಕೊನೆಗೆ ಮಿಕ್ಕ ಜಾಗದಲ್ಲಿ ಮಕ್ಕಳನ್ನು ತುಂಬುತ್ತಾರೆ. ಈ ಕ್ರಮವನ್ನು ತಿರುವಿಹಾಕಿ ಮಕ್ಕಳಿಂದಲೇ ಆರಂಭಿಸುವುದು ಒಳ್ಳೆಯದು. 1989ರ ಡಿಸೆಂಬರ್‌ನಲ್ಲಿ ಅರ್ಧ ಗಂಟೆಯ ಧಾರಾವಾಹಿಯಾಗಿ ಶುರುವಾದ ‘ದಿ ಸಿಂಪ್ಸನ್ಸ್’ನಲ್ಲಿ ಅಣ್ಣ ಬಾರ್ಟ್‌ಗೆ ಇಂದಿಗೂ 10 ವರ್ಷ, ತಂಗಿ ಲೀಸಾಗೆ 8. ನಟರು ಅಭಿನಯಿಸುವ ಧಾರಾವಾಹಿಯಲ್ಲಿ ಮಕ್ಕಳು ದೊಡ್ಡವರಾದಂತೆ ಅವರ ಸಂಬಂಧವೂ ತಾನಾಗಿ ಬದಲಾಗುತ್ತದೆ. ಅನಿಮೇಷನ್ನಿನಲ್ಲಿ ಆ ಅನುಕೂಲ ಇಲ್ಲ. ಆದ್ದರಿಂದ ಎಷ್ಟು ಸಲ ಜಗಳವಾಡಿದರೂ ತೀರದಂಥ ಒಂದು ಕಾರಣವನ್ನು ಮೊದಲ ಕಂತಿಗೂ ಮುಂಚೆಯೇ ಅವರ ನಡುವೆ ಇಟ್ಟಿರಬೇಕು.

‘ಅಣ್ಣ ತುಂಟ, ತಂಗಿ ಜಾಣೆ’ ಎಂಬಂಥ ಗುಣಗಳ ಪಟ್ಟಿ ಆ ಕಾರಣವಾಗಲಾರದು. ಹೆತ್ತವರಿಂದ ಈ ಮಗು ಏನನ್ನು ಬಯಸುತ್ತಿದೆ, ಮತ್ತು ಅದು ಯಾರ ಪಾಲಾಗುತ್ತಿದೆಯೆಂದು ನಂಬಿಕೊಂಡಿದೆ ಎಂಬುದನ್ನು ಪ್ರತಿ ಮಗುವಿಗೂ ಒಂದೊಂದು ವಾಕ್ಯದಲ್ಲಿ ಬರೆದುಕೊಳ್ಳಿ. ಆ ನಂಬಿಕೆ ತಪ್ಪಾಗಿದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ತಪ್ಪು ನಂಬಿಕೆಯೇ ಹಾಸ್ಯಕ್ಕೂ ನೋವಿಗೂ ಸಮಾನವಾಗಿ ದಾರಿ ಮಾಡಿಕೊಡುತ್ತದೆ.

ಇನ್ನು ದೃಶ್ಯಕ್ಕೆ ಬರೋಣ. ತಂಗಿ ಅಣ್ಣನ ಬಣ್ಣದ ಪೆನ್ಸಿಲ್ ಮುರಿದಿದ್ದಾಳೆ ಎಂದಿಟ್ಟುಕೊಳ್ಳಿ. ಅವನು ಎರಡೂ ತುಂಡುಗಳನ್ನು ಹಿಡಿದು ‘ಅಮ್ಮನಿಗೆ ಹೇಳ್ತೀನಿ’ ಎನ್ನುತ್ತಾನೆ. ಅವಳು ‘ಹೇಳು, ಗೋಡೆ ಮೇಲೆ ಬರೆದಿದ್ದು ಯಾರು ಅಂತ ನಾನೂ ಹೇಳ್ತೀನಿ’ ಎನ್ನುತ್ತಾಳೆ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಅಮ್ಮನ ಹೆಜ್ಜೆಯ ಸದ್ದು. ಒಂದೂ ಮಾತಿಲ್ಲದೆ ಅಣ್ಣ ತುಂಡುಗಳನ್ನು ದಿಂಬಿನಡಿಗೆ ತಳ್ಳುತ್ತಾನೆ, ತಂಗಿ ಆ ದಿಂಬಿನ ಮೇಲೆ ಕೂರುತ್ತಾಳೆ. ಅಮ್ಮ ಹೋದ ಮರುಕ್ಷಣ ಜಗಳ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಹಗೆತನವೂ ಒಳಒಪ್ಪಂದವೂ ಒಂದೇ ದೃಶ್ಯದಲ್ಲಿ ಇರುವುದು ಒಡಹುಟ್ಟಿದವರ ವಿಶೇಷ. ಗೆಳೆಯರ ನಡುವೆ ಇದಕ್ಕೆ ವಿವರಣೆ ಬೇಕಾಗುತ್ತದೆ, ಇವರ ನಡುವೆ ಬೇಕಿಲ್ಲ. ಅಮ್ಮ ಬಂದಾಗ ಇಬ್ಬರ ಬಾಯಿಗೂ ಮಾತು ಕೊಟ್ಟರೆ ದೃಶ್ಯ ಕೆಡುತ್ತದೆ.

ರಾಜಿಯನ್ನು ಬರೆಯುವುದು ಜಗಳಕ್ಕಿಂತ ಕಷ್ಟ. ‘ದಿ ಸಿಂಪ್ಸನ್ಸ್’ನ, 1994ರಲ್ಲಿ ಪ್ರಸಾರವಾದ ‘ಲೀಸಾ ಆನ್ ಐಸ್’ ಎಂಬ ಸಂಚಿಕೆಯಲ್ಲಿ ಬಾರ್ಟ್ ಮತ್ತು ಲೀಸಾ ಎದುರಾಳಿ ಐಸ್ ಹಾಕಿ ತಂಡಗಳಲ್ಲಿ ಆಡುತ್ತಾರೆ. ಪಂದ್ಯದ ಕೊನೆಯ ಗಳಿಗೆಯಲ್ಲಿ ಅವನು ಗೋಲು ಹೊಡೆಯಬೇಕು, ಅವಳು ತಡೆಯಬೇಕು. ಆಗ ಇಬ್ಬರಿಗೂ ಎಳವೆಯಲ್ಲಿ ಒಬ್ಬರಿಗೊಬ್ಬರು ತೋರಿದ ಸಣ್ಣಪುಟ್ಟ ಅಕ್ಕರೆಗಳು ನೆನಪಾಗುತ್ತವೆ. ಆಟದ ಸಾಮಾನುಗಳನ್ನು ಕೆಳಗೆ ಬಿಟ್ಟು ತಬ್ಬಿಕೊಳ್ಳುತ್ತಾರೆ, ಪಂದ್ಯ ಸಮಬಲದಲ್ಲಿ ಮುಗಿಯುತ್ತದೆ. ಅಲ್ಲಿ ಯಾರೂ ಕ್ಷಮೆ ಕೇಳುವುದಿಲ್ಲ, ಯಾರೂ ಬುದ್ಧಿ ಹೇಳುವುದಿಲ್ಲ. ನನ್ನನ್ನು ಪ್ರತಿ ಸಲವೂ ತಟ್ಟುವುದು ಅದೇ. ನಿಮ್ಮ ಕಂತಿನಲ್ಲೂ ರಾಜಿಯನ್ನು ಮಾತಿನಿಂದ ಬಿಡಿಸಿ ಒಂದು ಕ್ರಿಯೆಗೆ ಒಪ್ಪಿಸಿ.

ಮೂರನೆಯ ಮಗುವಿದ್ದರೆ ಪಕ್ಷಗಳು ಬದಲಾಗುತ್ತಲೇ ಇರಬೇಕು. 2011ರ ಜನವರಿಯಲ್ಲಿ ಆರಂಭವಾದ ‘ಬಾಬ್ಸ್ ಬರ್ಗರ್ಸ್’ನಲ್ಲಿ 13ರ ಟೀನಾ, 11ರ ಜೀನ್, 9ರ ಲೂಯೀಸ್ ಇದ್ದಾರೆ; ಯೋಜನೆ ಹೂಡುವವಳು ಹೆಚ್ಚಾಗಿ ಕಿರಿಯವಳು, ಹಿಂಜರಿಯುವವಳು ಹಿರಿಯವಳು. ವಯಸ್ಸಿನ ಏಣಿ ಹೀಗೆ ತಲೆಕೆಳಗಾದುದರಿಂದಲೇ ಅವರ ದೃಶ್ಯಗಳಿಗೆ ಚುರುಕು ಬಂದಿದೆ. ಟೀನಾ ಮೊದಲ ರೂಪದಲ್ಲಿ ಡೇನಿಯಲ್ ಎಂಬ ಹುಡುಗನಾಗಿದ್ದಳು. ಪಾತ್ರ ಹುಡುಗಿಯಾದ ಮೇಲೂ ಅದಕ್ಕೆ ದನಿ ಕೊಟ್ಟಿದ್ದ ನಟ ಡ್ಯಾನ್ ಮಿಂಟ್ಸ್ ಅವರ ಏರಿಳಿತವಿಲ್ಲದ ದನಿಯನ್ನೇ ಉಳಿಸಿಕೊಳ್ಳಲಾಯಿತು. ಹೆಸರು ಮುಚ್ಚಿ ಓದಿದರೂ ಯಾವ ಮಾತು ಯಾರದೆಂದು ತಿಳಿಯುವಷ್ಟು ವ್ಯತ್ಯಾಸ ನಿಮ್ಮ ಸಂಭಾಷಣೆಯಲ್ಲೂ ಇರಬೇಕು.

ಪೋಷಕ ಪಾತ್ರಗಳ, ಅಂದರೆ ಮನೆಯ ಹೊರಗಿನ ಸಹಪಾತ್ರಗಳ, ವಿಷಯದಲ್ಲಿ ಎಲ್ಲರೂ ಎಡವುವುದು ವಿಚಿತ್ರ ಸ್ವಭಾವದ ಆಸೆಯಿಂದ. ತಿಕ್ಕಲುತನ ಎರಡು ಕಂತುಗಳಿಗೆ ಸಾಕಾಗುತ್ತದೆ, ಅಷ್ಟೇ. ಮನೆಯವರು ತಮ್ಮತಮ್ಮೊಳಗೆ ತೋರಿಸದ ಯಾವ ಮುಖವನ್ನು ಈ ಪಾತ್ರ ಹೊರಗೆಳೆಯುತ್ತದೆ ಎಂದು ಕೇಳಿಕೊಳ್ಳಿ. ‘ಬಾಬ್ಸ್ ಬರ್ಗರ್ಸ್’ನ ಮಕ್ಕಳ ಅಪ್ಪ ಬಾಬ್‌ನ ಬರ್ಗರ್ ಅಂಗಡಿಗೆ ತಪ್ಪದೆ ಬರುವ ಗಿರಾಕಿ ಟೆಡ್ಡಿ, ಬಾಬ್‌ನ ಅಸಹನೆಯನ್ನೂ ಅವನ ಹೆಂಡತಿ ಲಿಂಡಾಳ ತಾಯ್ತನವನ್ನೂ ಒಟ್ಟಿಗೇ ಬಯಲಿಗಿಡುತ್ತಾನೆ. ಅದಕ್ಕಿಂತ ಮೇಲಿನದು ಎರಡು ಎಳೆಗಳಿಂದ ಕಟ್ಟಿದ ಪಾತ್ರ: ಟೀನಾ ಮನಸೋತಿರುವ ಜಿಮ್ಮಿ ಜೂನಿಯರ್, ಅವಳ ಅಪ್ಪನ ಎದುರು ಅಂಗಡಿಯ ಪ್ರತಿಸ್ಪರ್ಧಿಯ ಮಗನೂ ಹೌದು. ಅವನು ಬಾಗಿಲಲ್ಲಿ ಕಾಣಿಸಿಕೊಂಡರೆ ಸಾಕು, ಮಗಳಿಗೂ ಅಪ್ಪನಿಗೂ ಬೇರೆ ಬೇರೆ ಕಾರಣಕ್ಕೆ ಎದೆಬಡಿತ ಏರುತ್ತದೆ.

ಮೊದಲ ಸೀಸನ್‌ಗೆ ಇಂಥ ನಾಲ್ಕೈದು ಮಂದಿ ಸಾಕು. ಕರಡು ಮುಗಿದ ಮೇಲೆ ಒಬ್ಬೊಬ್ಬ ಪೋಷಕ ಪಾತ್ರವನ್ನೂ ಕಂತಿನಿಂದ ತೆಗೆದು ಓದಿ ನೋಡಿ. ಮಕ್ಕಳ ಜಗಳ ಸ್ವಲ್ಪವೂ ಬದಲಾಗದಿದ್ದರೆ, ನಗು ಎಷ್ಟೇ ಬಂದಿರಲಿ, ಆ ಪಾತ್ರವನ್ನು ಬೇರೊಂದು ಕಂತಿಗೆ ಎತ್ತಿಡಿ.